ಮುತ್ತಜ್ಜನ ರಷ್ಯನ್ ಸಮವಸ್ತ್ರ: ಹಳೇ ಫೋಟೋ ನೋಡಿ ಗುರುತಿಸುವುದು ಹೇಗೆ?

ಸೋವಿಯತ್ ಕಾಲದಲ್ಲಿ ಮಾಸ್ಕೋ, ಲೆನಿನ್‌ಗ್ರಾಡ್ ಕಡೆ ಓದಲು ಹೋದ ನಮ್ಮವರಲ್ಲಿ ಕೆಲವರು ಅಲ್ಲೇ ಮದುವೆಯಾಗಿ ಬಂದರು. ಅಂಥ ಮನೆಗಳ ಆಲ್ಬಮ್ಮಿನಲ್ಲಿ ಇಂಥದ್ದೊಂದು ಫೋಟೋ ಸಿಗುವುದುಂಟು. ದಪ್ಪ ಮೀಸೆಯ ಸೈನಿಕ, ಎದೆಯ ಮೇಲೆ ಒಂದೆರಡು ಪದಕ, ಪಕ್ಕದಲ್ಲಿ ಸ್ಟುಡಿಯೋದವರ ಕುರ್ಚಿ. ಅಮ್ಮನ ಕಡೆಯ ಮುತ್ತಜ್ಜ ಅಂತೆ. ಯಾವ ಪಡೆ, ಯಾವ ಯುದ್ಧ ಅಂತ ಕೇಳಿದರೆ, "ತ್ಸಾರ್ ದೊರೆಯ ಕಾವಲುಪಡೆಯಲ್ಲಿ ಆಫೀಸರ್ ಆಗಿದ್ದರಂತೆ" ಅನ್ನುತ್ತಾರೆ.

ಆ 'ಅಂತೆ'ಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮನೆಮಾತಿನಲ್ಲಿ ಅಜ್ಜಂದಿರಿಗೆ ಸತ್ತ ಮೇಲೂ ಬಡ್ತಿ ಸಿಗುತ್ತಲೇ ಇರುತ್ತದೆ. ಫೋಟೋದಲ್ಲಿ ಕಾಣುವುದನ್ನಷ್ಟೇ ಓದೋಣ.

ಓದುವುದಕ್ಕೂ ಒಂದು ಕ್ರಮ ಇದೆ. ಮೊದಲು ವರ್ಷ, ಆಮೇಲೆ ಪಡೆ, ಆಮೇಲೆ ರೆಜಿಮೆಂಟು. ಹುದ್ದೆ ಕೊನೆಗೆ. ಎಲ್ಲರೂ ಮಾಡುವುದು ಇದರ ಉಲ್ಟಾ. ಹೆಗಲ ಮೇಲಿನ ನಕ್ಷತ್ರ ಎಣಿಸಿ ಅಲ್ಲಿಂದ ಶುರು ಮಾಡುತ್ತಾರೆ. ತೊಂದರೆ ಏನೆಂದರೆ, ಒಂದೇ ಗುರುತು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಹುದ್ದೆ. ಒಂದು ಗೆರೆ, ನಾಲ್ಕು ನಕ್ಷತ್ರ ಇದ್ದವನು 1914ರಲ್ಲಿ ಷ್ಟಾಬ್ಸ್ ಕ್ಯಾಪ್ಟನ್ (ಕ್ಯಾಪ್ಟನ್‌ಗಿಂತ ಒಂದು ಮೆಟ್ಟಿಲು ಕೆಳಗೆ), 1943ರಲ್ಲಿ ಕ್ಯಾಪ್ಟನ್. ಎರಡು ಗೆರೆ, ಮೂರು ನಕ್ಷತ್ರ ಇದ್ದವನು ತ್ಸಾರನ ಸೇನೆಯಲ್ಲಿ ಲೆಫ್ಟಿನೆಂಟ್ ಕರ್ನಲ್, ಸ್ಟಾಲಿನ್ ಸೇನೆಯಲ್ಲಿ ಕರ್ನಲ್. ವರ್ಷ ಗೊತ್ತಿಲ್ಲದೆ ನಕ್ಷತ್ರ ಎಣಿಸಿ ಏನು ಪ್ರಯೋಜನ?

1. ಮೊದಲು ಫೋಟೋ ತಿರುಗಿಸಿ ನೋಡಿ

ಮೊಬೈಲ್‌ನಲ್ಲಿ ತೆಗೆದ ಪ್ರತಿ ಸಾಲದು. ಸ್ಕ್ಯಾನರ್‌ನಲ್ಲಿ 1200 ಡಿಪಿಐ ಇಟ್ಟು, ಕಪ್ಪುಬಿಳುಪು ಫೋಟೋ ಆದರೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ. ಹಿಂಬದಿಯನ್ನೂ ಮರೆಯಬೇಡಿ. ಮೂಲ ಫೋಟೋ ಕೈಯಲ್ಲಿದ್ದರೆ ಒಂದು ಭೂತಗನ್ನಡಿ ಸಾಕು, ಎಷ್ಟೋ ಸಲ ಸ್ಕ್ಯಾನ್‌ಗಿಂತ ಅದೇ ಚೆನ್ನಾಗಿ ತೋರಿಸುತ್ತದೆ.

ದಪ್ಪ ರಟ್ಟಿಗೆ ಅಂಟಿಸಿ, ಕೆಳಗೆ ಸ್ಟುಡಿಯೋ ಹೆಸರು ಅಚ್ಚು ಹಾಕಿದ್ದರೆ ಸಾಮಾನ್ಯವಾಗಿ ಅದು ಮೊದಲ ಮಹಾಯುದ್ಧಕ್ಕಿಂತ ಹಿಂದಿನದು. ಹಿಂಬದಿಯಲ್ಲಿ ವಿಳಾಸ ಬರೆಯಲು ಗೆರೆ ಇರುವ ಅಂಚೆ ಕಾರ್ಡಿನ ಫೋಟೋ ಆದರೆ 20ನೇ ಶತಮಾನದ್ದು. ಮಹಾಯುದ್ಧದ ಸೈನಿಕರು ಮನೆಗೆ ಕಳಿಸಿದ ಫೋಟೋಗಳಲ್ಲಿ ಬಹಳಷ್ಟು ಈ ತರಹದ್ದೇ.

ರಷ್ಯನ್ ಓದಲು ಬರದಿದ್ದರೂ ಒಂದು ಪರೀಕ್ಷೆ ಮಾಡಬಹುದು. 1918ರಲ್ಲಿ ರಷ್ಯನ್ ಕಾಗುಣಿತ ಬದಲಾಯಿತು. ಅದಕ್ಕೂ ಮುಂಚೆ ವ್ಯಂಜನದಲ್ಲಿ ಮುಗಿಯುವ ಪದಗಳ ಕೊನೆಗೆ ಒಂದು ಹೆಚ್ಚುವರಿ ಅಕ್ಷರ ಬರೆಯುತ್ತಿದ್ದರು. ಇಂಗ್ಲಿಷಿನ ಚಿಕ್ಕ ಬಿ ಹಾಗೆಯೇ ಕಾಣುತ್ತದೆ, ನೆತ್ತಿಯ ಎಡಕ್ಕೆ ಒಂದು ಪುಟ್ಟ ಬಾಲ ಇರುತ್ತದೆ. ಅಚ್ಚಾದ ಸ್ಟುಡಿಯೋ ಹೆಸರಿನ ಕೊನೆಗೆ ಈ ಅಕ್ಷರ ಕಂಡರೆ ಕಾರ್ಡು ತ್ಸಾರ್ ಕಾಲದ್ದು ಅಂತ ಹೆಚ್ಚುಕಮ್ಮಿ ಖಚಿತ. ಕೈಬರಹವನ್ನು ಮಾತ್ರ ಅಷ್ಟು ನಂಬಬೇಡಿ. ಹಳಬರು ಹಳೇ ಕಾಗುಣಿತವನ್ನು ಆಮೇಲೂ ಬಿಡಲಿಲ್ಲ.

ಸ್ಟುಡಿಯೋದ ಊರನ್ನು ಅಜ್ಜನ ಊರು ಅಂದುಕೊಳ್ಳಬೇಡಿ. ಸೈನಿಕನ ಫೋಟೋದಲ್ಲಿ ಅದು ಸಾಮಾನ್ಯವಾಗಿ ಅವನ ಪಡೆ ಬೀಡುಬಿಟ್ಟಿದ್ದ ಊರು. ರೆಜಿಮೆಂಟ್ ಹುಡುಕುವಾಗ ಇದೇ ನಿಮ್ಮ ದೊಡ್ಡ ಸಾಕ್ಷಿ, ಬರೆದಿಟ್ಟುಕೊಳ್ಳಿ. ಜೊತೆಗೆ ಅಜ್ಜ ಹುಟ್ಟಿದ ವರ್ಷ ಗೊತ್ತಿದ್ದರೆ ಅದಕ್ಕೆ 21 ಸೇರಿಸಿ. 1874ರಲ್ಲಿ ಕಡ್ಡಾಯ ಸೈನ್ಯ ಸೇವೆ ಬಂದ ಮೇಲೆ ಯುವಕರನ್ನು ಕರೆಯುತ್ತಿದ್ದುದು ಆ ವಯಸ್ಸಿನ ಹೊತ್ತಿಗೆ. ಫೋಟೋದಲ್ಲಿರುವ ಮುಖಕ್ಕೂ ಆ ಲೆಕ್ಕಕ್ಕೂ ತಾಳೆಯಾಗುತ್ತಾ ನೋಡಿ.

2. ನಿಜಕ್ಕೂ ಸೈನಿಕನಾ?

ಇದೇನು ಪ್ರಶ್ನೆ ಅನ್ನಿಸಬಹುದು. ಆದರೆ ತ್ಸಾರ್ ಕಾಲದ ರಷ್ಯಾದಲ್ಲಿ ಸಮವಸ್ತ್ರ ಹಾಕದವರೇ ಕಡಿಮೆ ಅನ್ನುವ ಪರಿಸ್ಥಿತಿ ಇತ್ತು. ರೈಲ್ವೆಯವರು, ಅಂಚೆಯವರು, ಅರಣ್ಯ ಇಲಾಖೆಯವರು, ಸರ್ಕಾರಿ ಶಾಲೆಯ ಮೇಷ್ಟ್ರು, ಕಾಲೇಜು ಹುಡುಗರು, ಹೈಸ್ಕೂಲು ಹುಡುಗರು, ಎಲ್ಲರಿಗೂ ಗುಂಡಿ ಹೊಳೆಯುವ ಕೋಟು, ಬಿಲ್ಲೆ ಇರುವ ಟೋಪಿ. ಹೆಗಲಪಟ್ಟಿ ಇಲ್ಲ, ಟೋಪಿಯ ಮೇಲೆ ಸುತ್ತಿಗೆ ಅಥವಾ ಇನ್ನಾವುದೋ ಕಸುಬಿನ ಗುರುತಿದೆ ಅಂದರೆ ಮುತ್ತಜ್ಜ ಎಂಜಿನಿಯರೋ ಗುಮಾಸ್ತನೋ ಆಗಿರಬಹುದು.

ಮಹಾಯುದ್ಧದ ಕಾಲದಲ್ಲಿ ಇನ್ನೊಂದು ಗೊಂದಲ. ಸೈನ್ಯಕ್ಕೆ ಸಾಮಾನು, ಔಷಧಿ ಒದಗಿಸುತ್ತಿದ್ದ ಝೆಮ್‌ಗೋರ್ ಅನ್ನೋ ಸಂಸ್ಥೆಯ ನೌಕರರು ಥೇಟ್ ಆಫೀಸರುಗಳ ಹಾಗೆ ಹೆಗಲಪಟ್ಟಿ ಹಾಕಿಕೊಂಡು ಓಡಾಡುತ್ತಿದ್ದರು. ಜನ ಅವರನ್ನು 'ಝೆಮ್‌ಗುಸಾರ್' ಅಂತ ಆಡಿಕೊಳ್ಳುತ್ತಿದ್ದರು, ಅಂದರೆ ಝೆಮ್‌ಗೋರಿನ ಹುಸಾರರು (ಹುಸಾರ್ ಅಂದರೆ ಠೀವಿಯ ಕುದುರೆಸವಾರ ಸೈನಿಕ).

ನೌಕಾಪಡೆಯವರಾದರೆ ನಿಮ್ಮ ಕೆಲಸ ಸಲೀಸು. ನಾವಿಕರ ಟೋಪಿಯ ರಿಬ್ಬನ್ ಮೇಲೆ ಹಡಗಿನ ಅಥವಾ ತುಕಡಿಯ ಹೆಸರೇ ಬರೆದಿರುತ್ತದೆ.

3. ಟೋಪಿ, ಗುಂಡಿ, ಕಾಲರ್: ವರ್ಷ ಇಲ್ಲೇ ಸಿಗುತ್ತದೆ

ಫ್ರೆಂಚರ ಕೆಪಿ ತರಹದ, ಅಂದರೆ ಚಪ್ಪಟೆ ನೆತ್ತಿಯ, ಮುಂದೆ ಅಂಚಿರುವ ಟೋಪಿ ಇದ್ದರೆ 1862ರಿಂದ 1881ರ ನಡುವೆ. 1881ರಲ್ಲಿ ಪಟ್ಟಕ್ಕೆ ಬಂದ ಮೂರನೇ ಅಲೆಕ್ಸಾಂಡರನಿಗೆ ಆಡಂಬರ ಹಿಡಿಸುತ್ತಿರಲಿಲ್ಲ. ಸೈನಿಕರ ಕೋಟಿನಿಂದ ಗುಂಡಿಗಳನ್ನೇ ತೆಗೆಸಿ ಹುಕ್ಕು ಹಾಕಿಸಿದ. ಎದೆಯ ಮೇಲೆ ಒಂದೂ ಗುಂಡಿ ಕಾಣದ ಗಾಢ ಬಣ್ಣದ ಕೋಟು, ತಲೆ ಮೇಲೆ ಮುಂದಿನ ಅಂಚಿಲ್ಲದ ದುಂಡನೆಯ ಟೋಪಿ, ಇವೆರಡೂ ಸೇರಿದರೆ ಫೋಟೋ 1881ರಿಂದ 1907ರ ಒಳಗಿನದು.

ಜಪಾನಿನ ಎದುರು ಸೋತ ಮೇಲೆ, 1907ರಿಂದ ಎಲ್ಲ ಬದಲಾಯಿತು. ಸಾಮಾನ್ಯ ಸೈನಿಕನಿಗೂ ಕಣ್ಣಿಗೆ ನೆರಳಾಗುವ ಅಂಚಿನ ಟೋಪಿ ಬಂತು. ಎರಡು ಸಾಲು ಗುಂಡಿಯ ಕೋಟು ಮೆರವಣಿಗೆಗೆ ಮರಳಿತು. ಅದುವರೆಗೆ ಬೇಸಿಗೆಯಲ್ಲಿ ಬಿಳಿ ಅಂಗಿ ಹಾಕುತ್ತಿದ್ದವರಿಗೆ ಖಾಕಿ ಅಂಗಿ ಬಂತು. ತಲೆಯ ಮೇಲಿಂದ ತೊಡುವ ಈ ಅಂಗಿಗೆ ಗಿಮ್ನಸ್ತ್ಯೋರ್ಕಾ ಅಂತ ಹೆಸರು. 1914ರ ನಂತರದ ಫೋಟೋಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ.

ಎದೆಯ ಮೇಲೆ ಬಟ್ಟೆಯ ಗೊಂಡೆ, ಟೋಪಿಗೂ ಒಂದು ರಿಬ್ಬನ್ ಇದ್ದರೆ 1917ರ ವಸಂತ ಇರಬಹುದು. ಫೆಬ್ರವರಿ ಕ್ರಾಂತಿಯ ಸಂಭ್ರಮದಲ್ಲಿ ಸೈನಿಕರು ಕೆಂಪು ಗೊಂಡೆ ಕಟ್ಟಿಕೊಂಡು ಫೋಟೋ ತೆಗೆಸಿಕೊಂಡರು. ಅದೇ ವರ್ಷ ಡಿಸೆಂಬರಿನಲ್ಲಿ ಬೋಲ್ಷೆವಿಕರು ಹೆಗಲಪಟ್ಟಿಯನ್ನೇ ರದ್ದು ಮಾಡಿದರು. ಆಮೇಲೆ 1920ರವರೆಗೆ ಹೆಗಲಪಟ್ಟಿ ಹಾಕಿದವನು ಬಿಳಿ ಸೇನೆಯವನು, ಅಂದರೆ ಅಂತರ್ಯುದ್ಧದಲ್ಲಿ ಬೋಲ್ಷೆವಿಕರ ಎದುರು ನಿಂತವನು. ಎಡತೋಳಿನ ಮೇಲೆ ಬಿಳಿ, ನೀಲಿ, ಕೆಂಪು ಪಟ್ಟಿಗಳು ಕೆಳಮುಖವಾಗಿ ವಿ ಆಕಾರದಲ್ಲಿದ್ದರೆ ದಕ್ಷಿಣದ ಸ್ವಯಂಸೇವಕ ಸೇನೆ. ಸೋವಿಯತ್ ಕಾಲದಲ್ಲಿ ಮನೆಯವರು ಇಂಥ ಫೋಟೋ ಬಚ್ಚಿಟ್ಟಿದ್ದರೆ, ಹೆಗಲ ಭಾಗವನ್ನೇ ಕೆರೆದು ಹಾಕಿದ್ದರೆ ಆಶ್ಚರ್ಯಪಡಬೇಡಿ. ಆ ಕೆರೆತವೂ ಒಂದು ಸುಳಿವೇ ಅಲ್ವಾ?

4. ರೆಜಿಮೆಂಟು: ಅಂಕಿ ಮತ್ತು ಬಣ್ಣ

ಇಲ್ಲಿ ನಿಧಾನವಾಗಿ ಹೋಗಿ. ಹೆಚ್ಚು ಜನ ದಾರಿ ತಪ್ಪುವುದು ಇಲ್ಲೇ.

1907ಕ್ಕಿಂತ ಹಿಂದಿನ ದುಂಡು ಟೋಪಿಯ ಸುತ್ತುಪಟ್ಟಿಯ ಮೇಲೆ ಒಂದು ಅಂಕಿ, ಪಕ್ಕದಲ್ಲಿ ಇಂಗ್ಲಿಷಿನ ಪಿ ತರಹದ ಅಕ್ಷರ ಇರುತ್ತದೆ. ಉದಾಹರಣೆಗೆ 5 ಅಂತ ಇದೆ ಅನ್ನಿ. ಅದು 5ನೇ ರೆಜಿಮೆಂಟ್ ಅಲ್ಲ. ರೆಜಿಮೆಂಟಿನ ಒಳಗಿನ 5ನೇ ಕಂಪನಿ. ಆ ಅಕ್ಷರ ರಷ್ಯನ್ನಿನ 'ರ', ರೋತಾ ಅಂದರೆ ಕಂಪನಿ. ರೆಜಿಮೆಂಟಿನ ಅಂಕಿ ಬೇಕಾದರೆ ಹೆಗಲಪಟ್ಟಿ ನೋಡಬೇಕು.

ಹೆಗಲಪಟ್ಟಿಯ ಮೇಲೆ ಬರಿ ಅಂಕಿ ಇದ್ದರೆ ಹೆಚ್ಚಾಗಿ ಕಾಲಾಳುಪಡೆ. ಅಡ್ಡಡ್ಡ ಇಟ್ಟ ಎರಡು ಫಿರಂಗಿ ಇದ್ದರೆ ತೋಪುಪಡೆ. ಎರಡು ಕೊಡಲಿ ಇದ್ದರೆ ಸ್ಯಾಪರ್‌ಗಳು, ಅಂದರೆ ಕಂದಕ ತೋಡುವ, ಸೇತುವೆ ಕಟ್ಟುವ ಸೈನಿಕರು. ಲಂಗರು ಮತ್ತು ಕೊಡಲಿ ಒಂದರ ಮೇಲೊಂದು ಅಡ್ಡ ಇದ್ದರೆ ರೈಲ್ವೆ ಪಡೆ. ಅಂಕಿ ಬದಲು ಕಿರೀಟದ ಕೆಳಗೆ ಹೆಣೆದ ಅಕ್ಷರಗಳಿದ್ದರೆ ಆ ರೆಜಿಮೆಂಟಿಗೆ ರಾಜಮನೆತನದ ಯಾರೋ ಗೌರವ ಮುಖ್ಯಸ್ಥರು. 'ಕಾವಲುಪಡೆ' ಕಥೆಗಳು ಹುಟ್ಟುವುದು ಹೆಚ್ಚಾಗಿ ಇಂಥ ಫೋಟೋಗಳಿಂದಲೇ. ಆದರೆ ಎಷ್ಟೋ ಸಾಧಾರಣ ರೆಜಿಮೆಂಟುಗಳಿಗೂ ಇಂಥ ಹೆಣೆದ ಅಕ್ಷರ ಇತ್ತು.

ಕೊಸಾಕ್ (ರಷ್ಯಾದ ಗಡಿನಾಡುಗಳ ಕುದುರೆಸವಾರ ಯೋಧ ಸಮುದಾಯದವನು) ಆದರೆ ಪ್ಯಾಂಟಿನ ಪಕ್ಕದ ಅಗಲ ಪಟ್ಟಿ ನೋಡಿ. ದೋನ್ ಕೊಸಾಕರದ್ದು ಕೆಂಪು, ಒರೆನ್‌ಬುರ್ಗದವರದ್ದು ತಿಳಿನೀಲಿ, ಟ್ರಾನ್ಸ್‌ಬೈಕಾಲದವರದ್ದು ಹಳದಿ. ಎದೆಯ ಎರಡೂ ಕಡೆ ಸಾಲಾಗಿ ತೋಟಾ ಸಿಕ್ಕಿಸಿದಂತೆ ಕಾಣುವ ಉದ್ದ ನಿಲುವಂಗಿ ಇದ್ದರೆ ಕುಬಾನ್ ಅಥವಾ ತೆರೆಕ್ ಕೊಸಾಕ್.

ಈಗ ಬಣ್ಣದ ವಿಷಯ. ಕಪ್ಪುಬಿಳುಪು ಫೋಟೋದಲ್ಲಿ ಬಣ್ಣ ಎಲ್ಲಿಂದ ಬಂತು ಅಂತ ಕೇಳುತ್ತೀರಿ. ಬಣ್ಣ ಇದೆ, ವೇಷ ಮರೆಸಿಕೊಂಡು ಇದೆ. ಆ ಕಾಲದ ಫೋಟೋ ಗಾಜುಗಳಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಹಾಗಾಗಿ ಕಡುಗೆಂಪು ಬಟ್ಟೆ ಫೋಟೋದಲ್ಲಿ ಕಪ್ಪಾಗುತ್ತದೆ. ಹಳದಿಯೂ ಮಬ್ಬಾಗುತ್ತದೆ. ತಿಳಿನೀಲಿ ಮಾತ್ರ ಹೆಚ್ಚುಕಮ್ಮಿ ಬಿಳಿಯಾಗಿ ಹೊಳೆಯುತ್ತದೆ. ಕಣ್ಣಿಗೆ ಬಿಳಿಯಾಗಿ ಕಂಡದ್ದು ನೀಲಿ ಇರಬಹುದು, ಕಪ್ಪಾಗಿ ಕಂಡದ್ದು ಕೆಂಪು ಇರಬಹುದು. ಕೆಂಪು ಪಟ್ಟಿಯ ಮೇಲೆ ಹಳದಿ ಅಂಕಿ ಬರೆದಿದ್ದರೆ ಎರಡೂ ಕಪ್ಪಾಗಿ ಅಂಕಿಯೇ ಮಾಯವಾಗುತ್ತದೆ. ಅಂಥಲ್ಲಿ ಸ್ಕ್ಯಾನ್‌ನ ಕಾಂಟ್ರಾಸ್ಟ್ ಪೂರ್ತಿ ಏರಿಸಿ ನೋಡಿ. ಎಷ್ಟೋ ಸಲ ಅಂಕಿ ಮೇಲೆದ್ದು ಬರುತ್ತದೆ.

ಇದನ್ನು ನಮ್ಮ ಲಾಭಕ್ಕೇ ತಿರುಗಿಸಿಕೊಳ್ಳಬಹುದು. ಕಾಲಾಳುಪಡೆಯ ಒಂದು ಡಿವಿಜನ್ನಿನಲ್ಲಿ ನಾಲ್ಕು ರೆಜಿಮೆಂಟು. ಟೋಪಿಯ ಸುತ್ತುಪಟ್ಟಿ ಮೊದಲನೆಯದಕ್ಕೆ ಕೆಂಪು, ಎರಡನೆಯದಕ್ಕೆ ತಿಳಿನೀಲಿ, ಮೂರನೆಯದಕ್ಕೆ ಬಿಳಿ, ನಾಲ್ಕನೆಯದಕ್ಕೆ ಕಡುಹಸಿರು. ಹೆಗಲಪಟ್ಟಿ ಮೊದಲ ಎರಡಕ್ಕೆ ಕೆಂಪು, ಕೊನೆಯ ಎರಡಕ್ಕೆ ತಿಳಿನೀಲಿ. ಫೋಟೋದಲ್ಲಿ ಇದು ಹೀಗೆ ಕಾಣಬೇಕು:

ಟೋಪಿ ಪಟ್ಟಿ ಕಪ್ಪು, ಹೆಗಲೂ ಕಪ್ಪು: ಮೊದಲನೇ ರೆಜಿಮೆಂಟು.
ಟೋಪಿ ಪಟ್ಟಿ ಬಿಳಿ, ಹೆಗಲು ಕಪ್ಪು: ಎರಡನೆಯದು.
ಎರಡೂ ಬಿಳಿ: ಮೂರನೆಯದು.
ಟೋಪಿ ಪಟ್ಟಿ ಕಪ್ಪು, ಹೆಗಲು ಬಿಳಿ: ನಾಲ್ಕನೆಯದು.

ರೆಜಿಮೆಂಟುಗಳ ಅಂಕಿ ಡಿವಿಜನ್ ಪ್ರಕಾರವೇ ಸಾಲಾಗಿ ಹೋಗುತ್ತದೆ. 1ರಿಂದ 4 ಮೊದಲ ಡಿವಿಜನ್, 5ರಿಂದ 8 ಎರಡನೆಯದು, ಹೀಗೆ 1914ರ ಯುದ್ಧಕ್ಕೆ ಮುಂಚೆ 208ರವರೆಗೆ. ಅಂದರೆ ಅಂಕಿಯನ್ನು 4ರಿಂದ ಭಾಗಿಸಿ ಶೇಷ ನೋಡಿದರೆ ಎಷ್ಟನೇ ರೆಜಿಮೆಂಟು ಅಂತ ಗೊತ್ತಾಗುತ್ತದೆ. ಶೇಷ ಸೊನ್ನೆ ಬಂದರೆ ನಾಲ್ಕನೆಯದು.

ಒಂದು ಉದಾಹರಣೆ ಮಾಡಿ ನೋಡೋಣ. ಹೆಗಲ ಮೇಲಿನ ಅಂಕಿ ಅರ್ಧ ಅಳಿಸಿದೆ. 50 ಇರಬಹುದು, 60 ಇರಬಹುದು. ಟೋಪಿ ಪಟ್ಟಿ ಬೆಳ್ಳಗಿದೆ, ಹೆಗಲು ಕಪ್ಪಗಿದೆ. 60ನ್ನು 4ರಿಂದ ಭಾಗಿಸಿದರೆ ಶೇಷ ಸೊನ್ನೆ, ನಾಲ್ಕನೇ ರೆಜಿಮೆಂಟು. ಹಾಗಿದ್ದರೆ ಟೋಪಿ ಪಟ್ಟಿ ಕಪ್ಪಗೆ, ಹೆಗಲು ಬೆಳ್ಳಗೆ ಇರಬೇಕಿತ್ತು. ಹೊಂದುವುದಿಲ್ಲ. 50ಕ್ಕೆ ಶೇಷ 2, ಸರಿಯಾಗಿ ಹೊಂದುತ್ತದೆ. 13ನೇ ಡಿವಿಜನ್ನಿನ ಎರಡನೇ ರೆಜಿಮೆಂಟು, 50ನೇ ಬೆಲೋಸ್ತೋಕ್ ರೆಜಿಮೆಂಟು. ಈಗ ಫೋಟೋದ ರಟ್ಟು ನೋಡಿ. ಸ್ಟುಡಿಯೋ ಊರು ಕ್ರೈಮಿಯಾದ ಸೆವಾಸ್ತೊಪೋಲ್ ಅಂತಿದ್ದರೆ ಮುಗಿಯಿತು, ಈ ರೆಜಿಮೆಂಟ್ ಬೀಡುಬಿಟ್ಟಿದ್ದುದು ಅಲ್ಲೇ. 1905ರ ನವೆಂಬರಿನಲ್ಲಿ ನಾವಿಕರ ದಂಗೆ ನಡೆದ ಊರು ಅದು. ಅಜ್ಜ ಆ ವರ್ಷ ಸೇವೆಯಲ್ಲಿದ್ದರೆ ಅದನ್ನು ಕಣ್ಣಾರೆ ಕಂಡಿರಬಹುದು.

ಈ ಲೆಕ್ಕ ಸಾಧಾರಣ ಕಾಲಾಳುಪಡೆಗೆ ಮಾತ್ರ. ಗ್ರೆನೇಡಿಯರ್‌ಗಳ (ಕಾಲಾಳುಪಡೆಯ ಆಯ್ದ ರೆಜಿಮೆಂಟುಗಳವರ) ಅಂಕಿ, ಬಣ್ಣ ಎರಡೂ ಬೇರೆ. ಯುದ್ಧಕಾಲದ ಖಾಕಿ ಟೋಪಿಗೆ ಬಣ್ಣದ ಪಟ್ಟಿಯೇ ಇಲ್ಲ. ಹೆಗಲಪಟ್ಟಿಯೂ ಆಗ ಎರಡು ಮುಖದ್ದು, ಒಂದು ಕಡೆ ಬಣ್ಣ, ಇನ್ನೊಂದು ಕಡೆ ಖಾಕಿ. ಖಾಕಿ ಮುಖ ಮೇಲಿದ್ದರೆ ಅಂಕಿಯನ್ನಷ್ಟೇ ನಂಬಿ.

5. ಹುದ್ದೆ

ಮೊದಲು ಆಫೀಸರನೋ ಸೈನಿಕನೋ ನೋಡಿ. ಸೈನಿಕನ ಹೆಗಲಪಟ್ಟಿ ಮೆತ್ತನೆಯ ಬಟ್ಟೆ, ಮಡಿಕೆ ಬಿದ್ದಿರುತ್ತದೆ. ಆಫೀಸರನದು ಜರಿ ಹೊದಿಸಿದ ಗಟ್ಟಿ ಪಟ್ಟಿ. ಸೈನಿಕನ ಪಟ್ಟಿಗೆ ಅಡ್ಡಲಾಗಿ ಒಂದು ಸಣ್ಣ ಗೆರೆ ಇದ್ದರೆ ಎಫ್ರೈಟರ್ (ಸಾಮಾನ್ಯ ಸೈನಿಕನಿಗಿಂತ ಒಂದು ಮೆಟ್ಟಿಲು ಮೇಲೆ), ಎರಡಿದ್ದರೆ ಕಿರಿಯ ಉಂಟರ್ ಆಫೀಸರ್ (ಸಾರ್ಜೆಂಟ್ ಮಟ್ಟದವನು), ಮೂರಿದ್ದರೆ ಹಿರಿಯ. ಅಗಲವಾದ ಒಂದೇ ಗೆರೆ ಇದ್ದರೆ ಫೆಲ್ಡ್‌ಫೆಬೆಲ್, ಕಂಪನಿಯ ಎಲ್ಲ ಸೈನಿಕರೂ ಹೆದರುತ್ತಿದ್ದ ಮನುಷ್ಯ. ಪಟ್ಟಿಯ ಅಂಚಿಗೆ ಮೂರು ಬಣ್ಣದ ಹೊಸೆದ ದಾರ ಇದ್ದರೆ ಓದಿದ ಹುಡುಗ, ತಾನೇ ಮುಂದೆ ಬಂದು ಸೇರಿದವನು.

ಆಫೀಸರನ ಪಟ್ಟಿಯ ಉದ್ದಕ್ಕೂ ಒಂದು ಗೆರೆ ಇದ್ದರೆ ಕ್ಯಾಪ್ಟನ್‌ವರೆಗಿನವರು, ಎರಡಿದ್ದರೆ ಅದಕ್ಕೂ ಮೇಲಿನವರು. ಒಂದು ಗೆರೆಯ ಮೇಲೆ ಒಂದು ನಕ್ಷತ್ರ ಪ್ರಾಪರ್ಷಿಕ್ (ಆಫೀಸರುಗಳಲ್ಲಿ ಎಲ್ಲರಿಗಿಂತ ಕಿರಿಯ), ಎರಡು ಪೊದ್‌ಪೊರೂಚಿಕ್, ಮೂರು ಪೊರೂಚಿಕ್, ನಾಲ್ಕು ಷ್ಟಾಬ್ಸ್ ಕ್ಯಾಪ್ಟನ್. ನಕ್ಷತ್ರವೇ ಇಲ್ಲದಿದ್ದರೆ ಇವರೆಲ್ಲರಿಗಿಂತ ದೊಡ್ಡವನು, ಕ್ಯಾಪ್ಟನ್. ಎರಡು ಗೆರೆ ಇದ್ದು ನಕ್ಷತ್ರ ಇಲ್ಲದಿದ್ದರೆ ಕರ್ನಲ್. ಬರಿ ಪಟ್ಟಿ ಕಂಡು "ಪಾಪ, ಏನೂ ಬಡ್ತಿ ಸಿಕ್ಕಿಲ್ಲ" ಅಂದುಕೊಳ್ಳಬೇಡಿ.

ಮನೆಯವರ 'ಆಫೀಸರ್' ಕಥೆ ನಿಜ ಆಗುವುದು ಹೆಚ್ಚಾಗಿ ಪ್ರಾಪರ್ಷಿಕ್ ವಿಷಯದಲ್ಲಿ. 1914ರ ನಂತರ ಆಫೀಸರುಗಳು ರಾಶಿರಾಶಿಯಾಗಿ ಸತ್ತಾಗ, ಹಳ್ಳಿ ಮೇಷ್ಟ್ರು, ಗುಮಾಸ್ತ, ರೈತನ ಮಗ, ಎಲ್ಲರಿಗೂ ಕೆಲವೇ ತಿಂಗಳ ತರಬೇತಿ ಕೊಟ್ಟು ಒಂದು ನಕ್ಷತ್ರ ಹಾಕಿಸಿ ಮುಂಚೂಣಿಗೆ ಕಳಿಸಿದರು.

6. ಪದಕ

ತ್ಸಾರ್ ಕಾಲದ ಫೋಟೋಗಳಲ್ಲಿ ಪದೇ ಪದೇ ಕಾಣುವುದು ಇಬ್ಬರ ಮುಖ ಅಕ್ಕಪಕ್ಕ ಇರುವ ದುಂಡನೆಯ ಪದಕ. ರೊಮಾನೊವ್ ಮನೆತನದ ಆಳ್ವಿಕೆಗೆ 300 ವರ್ಷ ತುಂಬಿದಾಗ, 1913ರಲ್ಲಿ, ಸೇವೆಯಲ್ಲಿದ್ದ ಸೈನಿಕರಿಗೆಲ್ಲ ಕೊಟ್ಟದ್ದು. ಶೌರ್ಯಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದರೆ ಫೋಟೋ 1913ಕ್ಕಿಂತ ಹಿಂದಿನದಲ್ಲ ಅಂತ ಅದು ಗಟ್ಟಿಯಾಗಿ ಹೇಳುತ್ತದೆ.

ಶೌರ್ಯಕ್ಕೆ ಸಿಗುತ್ತಿದ್ದುದು ಸೈನಿಕರ ಸೇಂಟ್ ಜಾರ್ಜ್ ಶಿಲುಬೆ. ನಾಲ್ಕು ದರ್ಜೆ, ಕಿತ್ತಳೆ ಕಪ್ಪು ಪಟ್ಟೆಯ ರಿಬ್ಬನ್. ಶಿಲುಬೆಯೇ ಮನೆಯಲ್ಲಿದ್ದರೆ ಹಿಂದೆ ತಿರುಗಿಸಿ. ಅಲ್ಲಿ ಕೆತ್ತಿದ ಸಂಖ್ಯೆ ಇರುತ್ತದೆ, ಆ ಸಂಖ್ಯೆಯಿಂದ ಪಡೆದವನ ಹೆಸರು, ರೆಜಿಮೆಂಟು ಹುಡುಕಲು ಸಾಧ್ಯ.

ಸೋವಿಯತ್ ಫೋಟೋ ಆದರೆ

ಇಲ್ಲಿ ಒಂದೇ ತಾರೀಖು ನೆನಪಿಟ್ಟರೆ ಅರ್ಧ ಕೆಲಸ ಆಯಿತು: 1943ರ ಜನವರಿ. ಅದುವರೆಗೆ ಕೆಂಪು ಸೇನೆಯಲ್ಲಿ ಹೆಗಲಪಟ್ಟಿ ಇರಲಿಲ್ಲ, ಹುದ್ದೆಯ ಗುರುತು ಮಡಚಿದ ಕಾಲರಿನ ಮೇಲೆ. ತ್ರಿಕೋನ ಇದ್ದರೆ ಸಾರ್ಜೆಂಟ್ ಮಟ್ಟದವರು, ಚೌಕ ಇದ್ದರೆ ಲೆಫ್ಟಿನೆಂಟ್‌ಗಳು, ಉದ್ದ ಆಯತ ಇದ್ದರೆ ಕ್ಯಾಪ್ಟನ್ ಮತ್ತು ಮೇಲಿನವರು. 1943ರಲ್ಲಿ ಹೆಗಲಪಟ್ಟಿ ವಾಪಸ್ ಬಂತು, ಕಾಲರ್ ನೆಟ್ಟಗೆ ನಿಂತಿತು. ಚೂಪು ತುದಿಯ ಬಟ್ಟೆ ಟೋಪಿ, ಅಂದರೆ ಬುದ್ಯೋನೊವ್ಕಾ, ಇದ್ದರೆ 1919ರ ನಂತರ, ಎರಡನೇ ಮಹಾಯುದ್ಧಕ್ಕೆ ಮುಂಚೆ. ಬಲಗಡೆ ಎದೆಯ ಮೇಲೆ ಚಿಕ್ಕ ಅಡ್ಡ ಪಟ್ಟಿಗಳಿದ್ದರೆ ಅವು ಗಾಯದ ಲೆಕ್ಕ. ಕೆಂಪು ಸಣ್ಣ ಗಾಯಕ್ಕೆ, ಹಳದಿ ದೊಡ್ಡ ಗಾಯಕ್ಕೆ. ಇವು ಬಂದದ್ದು 1942ರಲ್ಲಿ.

ಹೆಗಲಪಟ್ಟಿ ಹಾಕಿದ 1945ರ ಆಫೀಸರನನ್ನು ತ್ಸಾರ್ ಕಾಲದವನು ಅಂದುಕೊಳ್ಳುವವರು ಇದ್ದಾರೆ. ಟೋಪಿ ನೋಡಿ. ಐದು ಮೂಲೆಯ ನಕ್ಷತ್ರ ಇದ್ದರೆ ಸೋವಿಯತ್, ಮೊಟ್ಟೆಯಾಕಾರದ ಬಿಲ್ಲೆ ಇದ್ದರೆ ತ್ಸಾರ್.

ಪದಕಗಳಲ್ಲಿ ಒಂದು ಎಚ್ಚರಿಕೆ. 'ದೇಶರಕ್ಷಣಾ ಯುದ್ಧ'ದ ನಕ್ಷತ್ರಾಕಾರದ ಆರ್ಡರ್ ಯುದ್ಧದ ನಡುವೆಯೂ ಕೊಟ್ಟಿದ್ದಾರೆ. ಗೆಲುವಿಗೆ 40 ವರ್ಷ ತುಂಬಿದಾಗ, 1985ರಲ್ಲಿ, ಬದುಕಿದ್ದ ಹಳೇ ಯೋಧರಿಗೆ ಸಾಮೂಹಿಕವಾಗಿಯೂ ಕೊಟ್ಟಿದ್ದಾರೆ. ಅಜ್ಜ ಮುದುಕರಾಗಿ ಕೋಟಿನ ಮೇಲೆ ಹಾಕಿಕೊಂಡ ಫೋಟೋ ಮಾತ್ರ ಇದ್ದರೆ ಎರಡನೆಯದ್ದೇ ಇರಬಹುದು.

ಬಟ್ಟೆಯೇ ಸಿಕ್ಕಿದರೆ

ಒಗೆಯಬೇಡಿ, ಇಸ್ತ್ರಿ ಮಾಡಬೇಡಿ. ಒಳಗಿನ ಅಸ್ತರಿನ ಮೇಲೆ ಕಪ್ಪು ಶಾಯಿಯ ಮುದ್ರೆ ಹುಡುಕಿ. ಸೋವಿಯತ್ ಬಟ್ಟೆಯಾದರೆ ಅಳತೆ, ತಯಾರಾದ ವರ್ಷ ಅಲ್ಲೇ ಸಿಗುತ್ತದೆ. ಗುಂಡಿಯ ಮೇಲೆ ಎರಡು ತಲೆಯ ಹದ್ದು ಇದ್ದರೆ ತ್ಸಾರ್ ಕಾಲ, ನಕ್ಷತ್ರದೊಳಗೆ ಸುತ್ತಿಗೆ ಕುಡುಗೋಲು ಇದ್ದರೆ ಸೋವಿಯತ್. ಗುಂಡಿಗಳನ್ನು ಆಮೇಲೆ ಬದಲಾಯಿಸಿರುವುದೂ ಉಂಟು, ಹೊಲಿಗೆಯ ದಾರ ಹೊಸದಾ ನೋಡಿ. ಉಣ್ಣೆ ಬಟ್ಟೆಗೆ ಹುಳ ಬೀಳುತ್ತದೆ, ನಮ್ಮ ಕರಾವಳಿ ಮಳೆಗಾಲದಲ್ಲಂತೂ ಬೂಷ್ಟು ಗ್ಯಾರಂಟಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡದೆ ಹಳೇ ಶುಭ್ರ ಹತ್ತಿ ಬಟ್ಟೆಯಲ್ಲಿ ಸುತ್ತಿ ಒಣಗಿದ ಜಾಗದಲ್ಲಿಡಿ. ರಷ್ಯಾದಿಂದ ಪದಕ ತರುವ ಯೋಚನೆ ಇದ್ದರೆ ಮೊದಲು ಅಲ್ಲಿನ ಕಾನೂನು ವಿಚಾರಿಸಿ. ಸೋವಿಯತ್ ಸರ್ಕಾರಿ ಪದಕಗಳನ್ನು ಕೊಳ್ಳುವುದು, ಮಾರುವುದು ಅಲ್ಲಿ ಅಪರಾಧ.

ಹೆಸರು ಹುಡುಕುವುದು

ಇಷ್ಟು ಹೊತ್ತಿಗೆ ನಿಮ್ಮ ಹತ್ತಿರ ವರ್ಷ, ಪಡೆ, ಬಹುಶಃ ರೆಜಿಮೆಂಟು ಇರುತ್ತದೆ. ಎರಡನೇ ಮಹಾಯುದ್ಧದವರಾದರೆ ರಷ್ಯನ್ ರಕ್ಷಣಾ ಇಲಾಖೆಯ 'ಪಾಮ್ಯತ್ ನರೋದಾ' ವೆಬ್‌ಸೈಟಿನಲ್ಲಿ ಹೆಸರು ಹಾಕಿ. ಮೊದಲ ಮಹಾಯುದ್ಧಕ್ಕೂ ಇದೇ ತರಹದ ಸೈಟ್ ಇದೆ, ಗಾಯಗೊಂಡವರ, ಸತ್ತವರ ಕಾರ್ಡುಗಳು ಅದರಲ್ಲಿವೆ. ಹೆಸರನ್ನು ರಷ್ಯನ್ ಲಿಪಿಯಲ್ಲೇ ಹಾಕಬೇಕು. ತಂದೆಯ ಹೆಸರು ಸೇರಿಸದಿದ್ದರೆ ಒಂದೇ ಹೆಸರಿನ ನೂರಾರು ಇವಾನರು ಬಂದು ಕೂರುತ್ತಾರೆ.

ಪತ್ರಾಗಾರಕ್ಕೆ ಬರೆಯುವುದಾದರೆ ಸರಿಯಾದ ಬಾಗಿಲು ತಟ್ಟಿ. 1918ಕ್ಕೆ ಮುಂಚಿನ ಸೇನೆಗೆ ಮಾಸ್ಕೋದ ಸೇನಾ ಇತಿಹಾಸ ಪತ್ರಾಗಾರ. 1918ರಿಂದ 1940ರವರೆಗೆ ಅದೇ ಊರಿನ ಸೇನಾ ಪತ್ರಾಗಾರ. 1941ರ ನಂತರದ್ದಕ್ಕೆ ಮಾಸ್ಕೋ ಪಕ್ಕದ ಪೊದೋಲ್ಸ್ಕ್‌ನಲ್ಲಿರುವ ರಕ್ಷಣಾ ಇಲಾಖೆಯ ಪತ್ರಾಗಾರ. ನೌಕಾಪಡೆಯ ಹಳೇ ಕಾಗದಗಳು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿವೆ.

ತ್ಸಾರ್ ಕಾಲದ ಆಫೀಸರ್ ಆದರೆ ಅವನ ಸೇವಾ ಪುಸ್ತಕ ಸಿಗುವ ಆಸೆ ಇಟ್ಟುಕೊಳ್ಳಬಹುದು. ಹುಟ್ಟು, ಜಾತಿವರ್ಗ, ಧರ್ಮ, ಮದುವೆ, ಮಕ್ಕಳು, ಎಲ್ಲಾ ಅದರಲ್ಲಿರುತ್ತದೆ. ಸಾಧಾರಣ ಸೈನಿಕನಿಗೆ ಅಂಥ ಪ್ರತ್ಯೇಕ ಕಡತ ಸಿಗುವುದು ಅಪರೂಪ. ಆದ್ದರಿಂದ ಸೈನಿಕನ ಬಗ್ಗೆ ಬರೆಯುವಾಗ ಹೆಸರಿಗಿಂತ ರೆಜಿಮೆಂಟಿಗೆ ಒತ್ತು ಕೊಡಿ. ರೆಜಿಮೆಂಟಿನ ಅಂಕಿ, ವರ್ಷ, ಅಜ್ಜನ ಪೂರ್ತಿ ಹೆಸರು, ಹುಟ್ಟಿದ ಹಳ್ಳಿ, ಆಗಿನ ಜಿಲ್ಲೆ ಮತ್ತು ಪ್ರಾಂತ್ಯ, ಇಷ್ಟನ್ನು ರಷ್ಯನ್ನಿನಲ್ಲಿ ಬರೆಸಿ, ಫೋಟೋದ ಎರಡೂ ಬದಿಯ ಸ್ಕ್ಯಾನ್ ಜೊತೆಗಿಟ್ಟು ಕಳಿಸಿ. ಜಿಲ್ಲೆಯ ಹೆಸರು ಇವತ್ತಿನ ನಕ್ಷೆಯಲ್ಲಿ ಇಲ್ಲದಿದ್ದರೂ ಹಳೆಯದನ್ನೇ ಬರೆಯಿರಿ, ಆ ಕಾಲದ ಪಟ್ಟಿಗಳು ಇರುವುದು ಹಳೇ ಹೆಸರಿನಲ್ಲೇ.